ಕಸೂತಿ ದಾರದ ಸಂದೂಕ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಮಂತ್ರಕ್ಕಿಂತ ಸೂಜಿ ಹೆಚ್ಚು ಓಡುತ್ತಿತ್ತು.

ಆಶ್ರಮ ನಡೆಸುತ್ತಿದ್ದವರು ತಂಗೆವ್ವ ತಾಯಿ. ಎಲ್ಲರ ಬಾಯಲ್ಲೂ ಅವರು ಅವ್ವಾರು. ಧ್ಯಾನ ಕಲಿಯಬೇಕೆಂದು ಬಂದವರ ಕೈಗೂ ಅವರು ಮೊದಲು ಕೊಡುತ್ತಿದ್ದುದು ಒಂದು ತುಂಡು ಬಟ್ಟೆ. ಅದರ ಎಳೆ ಎಣಿಸಿ ಕಸೂತಿ ಹಾಕಬೇಕು. ಗಂಟು ಬೀಳಬಾರದು. ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕು.

"ಮನಸ್ಸು ಎಲ್ಲೆಲ್ಲಿ ಓಡಿ ಹೋಗಿತ್ತು ಅಂತ ಬಟ್ಟಿ ತಿರುವಿ ನೋಡಿದ್ರ ಗೊತ್ತಾಗತೈತಿ" ಎನ್ನುತ್ತಿದ್ದರು ಅವ್ವಾರು.

ಅವರ ಶಿಷ್ಯೆಯರಲ್ಲಿ ಮಹಾನಂದಾ ಎಂಬವಳಿದ್ದಳು. ಅಚ್ಚುಕಟ್ಟಿಗೆ ಹೆಸರಾದವಳು. ಅಡುಗೆಮನೆಯ ಡಬ್ಬಿ, ಬಾವಿಯ ಹಗ್ಗ, ಒಣಹಾಕಿದ ಸೀರೆಯ ಅಂಚು, ಅವಳು ಹಾದುಹೋದ ಮೇಲೆ ಎಲ್ಲವೂ ನೆಟ್ಟಗಾಗಿರುತ್ತಿತ್ತು. ಜನ ಹೊಗಳಿದರೆ ಅವಳು ಬೇಡ ಎನ್ನುತ್ತಿರಲಿಲ್ಲ.

ಅವಳ ಕಣ್ಣಿಗೆ ಚುಚ್ಚುತ್ತಿದ್ದುದು ಒಂದೇ ಒಂದು. ಪಡಸಾಲೆಯ ಮೂಲೆಯಲ್ಲಿದ್ದ ದಾರದ ಸಂದೂಕ.

ಅದರೊಳಗೆ ನೇಕಾರರು ಕೊಟ್ಟ ರೇಷ್ಮೆ ದಾರದ ಲಡಿಗಳಿದ್ದವು. ಹಳೆಯ ಸೀರೆಯ ಸೆರಗಿನಿಂದ ಬಿಡಿಸಿದ ಎಳೆಗಳಿದ್ದವು. ಎಲ್ಲ ಒಂದರೊಳಗೊಂದು ಹೆಣೆದುಕೊಂಡು ಹಕ್ಕಿಯ ಗೂಡಿನಂತಾಗಿತ್ತು. ಕೆಂಪು ಬೇಕೆಂದು ಎಳೆದರೆ ಹಳದಿ, ಹಸಿರು, ಬಿಳಿ ಎಲ್ಲ ಜೊತೆಗೇ ಎದ್ದು ಬರುತ್ತಿದ್ದವು.

ಒಂದು ದಿನ ಅವಳು ಅವ್ವಾರ ಮುಂದೆ ಹೋಗಿ ನಿಂತಳು.

"ಅವ್ವಾರ, ಆ ಸಂದೂಕ ನನಗ ಬಿಡ್ರಿ."

"ಯಾಕ?"

"ಅದನ್ನ ನೋಡಿದ್ರ ನನಗ ನಿದ್ದಿ ಬರಂಗಿಲ್ಲರಿ."

ಅವ್ವಾರು ನಕ್ಕರು. "ನಿದ್ದಿ ಬರಬೇಕಲ್ಲ. ತಗೋ."

ಮಹಾನಂದಾ ಸಂದೂಕವನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಒಂದೊಂದೇ ಎಳೆ ಬಿಡಿಸುತ್ತ ಕುಳಿತಳು.

ದಾರದ ನಡುನಡುವೆ ಏನೇನೋ ಕಸ ಸಿಕ್ಕಿತು. ಒಂದು ಲಡಿಗೆ ಹುಣಸೆ ಬೀಜ ಕಟ್ಟಿತ್ತು. ಇನ್ನೊಂದಕ್ಕೆ ಕವಡೆ. ಮತ್ತೊಂದಕ್ಕೆ ಬಳೆಯ ಚೂರು. ಸೀತಾಫಲದ ಬೀಜ, ಅಂಗಿಯ ಗುಂಡಿ, ಹಳೆಯ ಕೀಲಿಕೈಯ ಮುರುಕು.

"ಯಾವ ಹುಡುಗರ ಆಟಾನೋ ಇದು" ಎಂದು ಗೊಣಗಿಕೊಂಡಳು. ಎಲ್ಲವನ್ನೂ ಕತ್ತರಿಸಿ ಕಿತ್ತು, ಮೊರಕ್ಕೆ ತುಂಬಿ, ಹಿತ್ತಲಿನ ತಿಪ್ಪೆಗೆ ಸುರಿದು ಬಂದಳು.

ಆಮೇಲೆ ಬಿದಿರು ಸೀಳಿಸಿ ತೆಳ್ಳನೆಯ ಚಕ್ಕೆ ಮಾಡಿಸಿದಳು. ಎಲ್ಲ ಒಂದೇ ಅಳತೆ, ಒಂದೇ ನುಣುಪು. ಒಂದೊಂದು ಚಕ್ಕೆಗೆ ಒಂದೊಂದು ಬಣ್ಣದ ದಾರ ಸುತ್ತಿದಳು. ಬಡಗಿಯಿಂದ ಅಗಲವಾದ ಮರದ ತಟ್ಟೆ ಮಾಡಿಸಿ ಅದರಲ್ಲಿ ಖಾನೆ ಕೊರೆಸಿದಳು. ಹುಳ ಬೀಳದಂತೆ ತಳಕ್ಕೆ ಒಣಗಿದ ಬೇವಿನ ಎಲೆ ಹರಡಿದಳು. ಬಿಳಿಯಿಂದ ಶುರುಮಾಡಿ, ಹಳದಿ, ಕಿತ್ತಳೆ, ಕೆಂಪು, ಹಸಿರು, ನೀಲಿ, ನೇರಳೆ, ಕಪ್ಪು ಎಂದು ತಿಳಿಯಿಂದ ಕಡುವಿಗೆ ಸಾಲಾಗಿ ಜೋಡಿಸಿದಳು.

ತಟ್ಟೆಯ ಮೇಲಿನ ಬಟ್ಟೆ ಸರಿಸಿದ ದಿನ ಪಡಸಾಲೆಯೆಲ್ಲ ಅವಳ ಸುತ್ತ ನೆರೆಯಿತು.

"ಯವ್ವಾ, ಇವೆಲ್ಲಾ ನಮ್ಮ ಸಂದೂಕದಾಗ ಇದ್ದುವೇನ?" ಎಂದಳು ಒಬ್ಬಳು.

"ಮುಟ್ಟಾಕ ಮನಸ್ಸು ಬರವಲ್ದು ನೋಡ" ಎಂದಳು ಇನ್ನೊಬ್ಬಳು.

ಮಹಾನಂದಾಳ ಎದೆ ತುಂಬಿ ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ.

ಫಕ್ಕೀರಜ್ಜಿಯೂ ಎದ್ದು ಬಂದಳು. ಅವಳು ಆಶ್ರಮದ ಹಿರಿಯ ಕೈ. ಅವಳು ಕಸೂತಿಯಲ್ಲಿ ಹಾಕಿದ ಗೋಪುರದ ಮುಂದೆ ಬೇರೆಯವರ ಗೋಪುರ ಗುಡಿಸಲಿನಂತೆ ಕಾಣುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಸೂಜಿ ಹಿಡಿದು ಕುಳಿತಾಗ ಅವಳ ಬೆನ್ನು ಕಂಬದಂತಿರುತ್ತಿತ್ತು.

ಅಜ್ಜಿ ತಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.

"ಎಲ್ಲಾ ಒಂದ ಅಳತಿ ಮಾಡೀಯಲ್ಲವಾ?"

"ಹೌದ್ರಿ ಅಜ್ಜಿ. ಕೂದಲೆಳಿಯಷ್ಟೂ ಹೆಚ್ಚು ಕಡಿಮಿ ಇಲ್ಲ."

"ಹೂಂ" ಎಂದಳು ಅಜ್ಜಿ. ಮತ್ತೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಕೊನೆಗೆ ಅವ್ವಾರು ಬಂದರು. ತಟ್ಟೆಯನ್ನು ನೋಡಿದರು. ಮಹಾನಂದಾ ಪಕ್ಕಕ್ಕೆ ಸರಿದು ಕಾದಳು.

"ಚಂದ ಐತಿ" ಎಂದರು ಅವ್ವಾರು. "ಕಣ್ಣಿಗೆ."

ಗುರುವಿನ ಬಾಯಿಂದ ಹೊಗಳಿಕೆ ಬಂತೆಂದು ಅವಳು ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಆ ದಿನಗಳಲ್ಲಿ ಆಶ್ರಮದಲ್ಲಿ ಒಂದು ಮದುವೆಯ ಸಡಗರವಿತ್ತು. ಅಲ್ಲಿಯೇ ಬೆಳೆದ ಜಯಶೀಲಾ ಎಂಬ ಹುಡುಗಿಗೆ ಗಂಡು ಗೊತ್ತಾಗಿತ್ತು. ಆಶ್ರಮದ ಮಗಳು ಮದುವೆಯಾಗಿ ಹೋಗುವಾಗ ಚಂದ್ರಕಾಳಿ ಉಟ್ಟು ಹೋಗಬೇಕು. ಚಂದ್ರಕಾಳಿ ಎಂದರೆ ಕಪ್ಪು ರೇಷ್ಮೆ ಸೀರೆ, ಮೈತುಂಬ ಕಸೂತಿ. ಆ ಕಸೂತಿ ಹಾಕುವ ಹಕ್ಕು ಫಕ್ಕೀರಜ್ಜಿಯದು. ಯಾರೂ ಕೊಟ್ಟ ಹಕ್ಕಲ್ಲ, ಯಾರೂ ಕೇಳುವ ಧೈರ್ಯ ಮಾಡದ ಹಕ್ಕು.

ಅಜ್ಜಿ ಸೆರಗಿನ ಮೇಲೆ ಗೋಪುರ ಎಬ್ಬಿಸುತ್ತಿದ್ದಳು. ಗೋಪುರದ ಒಡಲಿಗೆ ಕೆಂಪು ದಾರದ ಮೆಂತಿ ಹೊಲಿಗೆ. ಹೋಗುವಾಗ ಸೂಜಿ ಒಂದು ಕಡೆಗೆ ಓರೆಯಾಗಿ ಹೋಗುತ್ತದೆ, ತಿರುಗಿ ಬರುವಾಗ ಅದರ ಮೇಲೆ ಇನ್ನೊಂದು ಕಡೆಗೆ ಓರೆಯಾಗಿ ಬರುತ್ತದೆ. ಎರಡೂ ಕತ್ತರಿಯಂತೆ ಕೂಡಿದಾಗ ಒಂದು ಮೆಂತೆ ಕಾಳು.

ಮಹಾನಂದಾಳ ಕೈ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಕಡುಬಣ್ಣ ಎಡಕ್ಕೆ ಬಂದರೆ ತಟ್ಟೆ ಇನ್ನೂ ಚೆಂದ ಕಾಣುತ್ತದೆ ಎನಿಸಿತು. ಸಾಲನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ, ಅಜ್ಜಿ ನೀರು ಕುಡಿಯಲು ಎದ್ದು ಹೋಗಿದ್ದಾಗ, ಮಹಾನಂದಾ ಆ ಸೀರೆಯ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

ಗೋಪುರದ ಕೆಳಗಿನ ಅರ್ಧ ಕೆಂಪು. ಮೇಲಿನ ಒಂದು ಸಾಲಿನಲ್ಲಿ ಹೋಗುವ ಎಳೆ ಕೆಂಪು, ಬರುವ ಎಳೆ ಹಸಿರು. ಒಂದೊಂದು ಮೆಂತೆ ಕಾಳಿನಲ್ಲೂ ಎರಡು ಬಣ್ಣ. ಅದರ ಮೇಲಿನ ಸಾಲುಗಳೋ, ಪೂರ್ತಿ ಹಸಿರು.

ಹೊಲಿಗೆ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಒಂದೆಳೆಯೂ ಹೆಚ್ಚು ಕಡಿಮೆ ಇರಲಿಲ್ಲ.

ಮಹಾನಂದಾ ಸೀದಾ ಅವ್ವಾರ ಬಳಿಗೆ ಓಡಿದಳು.

"ಅವ್ವಾರ, ಫಕ್ಕೀರಜ್ಜಿ ತಪ್ಪು ಮಾಡ್ಯಾರ್ರಿ. ಕೆಂಪಿನ ಮ್ಯಾಲ ಹಸರು ಹಾಕ್ಯಾರ."

ಅವ್ವಾರು ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

"ನೀ ಸಂದೂಕ ಬೋರಲು ಹಾಕಿದಾಗ ಅದರಾಗ ಏನೇನಿತ್ತು?"

"ದಾರ ಇತ್ರಿ."

"ಮತ್ತ?"

"ಸಿಕ್ಕು."

"ಮತ್ತ?"

"ಕಸ ಇತ್ರಿ. ಹುಣಸಿ ಬೀಜ, ಕವಡಿ, ಬಳಿ ಚೂರು..."

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಆ ಬೀಜ ಉದುರಿ ಬಿದ್ದಿರಲಿಲ್ಲ. ಕವಡೆ ಸುಮ್ಮನೆ ಸಿಕ್ಕಿಕೊಂಡಿರಲಿಲ್ಲ. ಒಂದೊಂದನ್ನೂ ಒಂದೊಂದು ಲಡಿಗೆ ಯಾರೋ ಬಿಗಿಯಾಗಿ ಕಟ್ಟಿದ್ದರು. ತಾನು ಅವನ್ನು ಕತ್ತರಿಯಿಂದ ಕತ್ತರಿಸಿಯೇ ತೆಗೆಯಬೇಕಾಗಿ ಬಂದಿತ್ತು.

ಅವಳಿಗೆ ಅಜ್ಜಿಯ ಕೈ ನೆನಪಾಯಿತು. ಈ ತುದಿಯಿಂದ ಆ ತುದಿಗೆ.

"ಅವ್ವಾರ," ಎಂದಳು, "ಅಜ್ಜಿಗೆ ಬಣ್ಣ ಕಾಣಂಗಿಲ್ಲೇನ್ರಿ?"

"ಆಕಿ ನನಗ ಹೇಳಿಲ್ಲ" ಎಂದರು ಅವ್ವಾರು. "ಆಕಿ ಹೇಳದ ಮಾತು ನನ್ನ ಬಾಯಾಗ ಬರಂಗಿಲ್ಲ."

ಮಹಾನಂದಾ ತಿಪ್ಪೆಗೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಅಗೆದಳು. ಕವಡೆ ಸಿಕ್ಕಿತು. ಬಳೆಯ ಚೂರು ಸಿಕ್ಕಿತು. ಗುಂಡಿಯನ್ನು ಇರುವೆ ಗೂಡಿನ ಬಾಯಲ್ಲಿ ಕಂಡಳು. ಬೀಜಗಳು ಕೊಳೆತು ಹೋಗಿದ್ದವು. ಸಿಕ್ಕಿದರೂ ಏನು ಬಂತು? ಯಾವುದು ಯಾವ ಬಣ್ಣದ್ದು ಎಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಎಲ್ಲರೂ ಪ್ರಾರ್ಥನೆಗೆ ಹೋದ ಹೊತ್ತಿನಲ್ಲಿ ಅವಳು ಒಬ್ಬಳೇ ಪಡಸಾಲೆಗೆ ಬಂದಳು. ಚಂದ್ರಕಾಳಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಹಸಿರು ಎಳೆಯ ಕೆಳಗೆ ಸೂಜಿಯ ಮೊನೆ ತೂರಿಸಿದಳು. ಯಾರಿಗೂ ತಿಳಿಯದಂತೆ ಬಿಚ್ಚಿ, ತಾನೇ ಕೆಂಪು ಹಾಕಿ, ಹಾಗೆಯೇ ಮಡಿಸಿಟ್ಟುಬಿಟ್ಟರೆ ಅಜ್ಜಿಯ ಮಾನ ಉಳಿಯುತ್ತದೆ.

"ಯಾರ ಸೀರಿ ಅದು?"

ಅವ್ವಾರು ಬಾಗಿಲಲ್ಲಿ ನಿಂತಿದ್ದರು.

"ಫಕ್ಕೀರಜ್ಜೀದ್ರಿ."

"ಹಂಗಾದ್ರ ತಪ್ಪೂ ಆಕೀದ. ಕದೀಬ್ಯಾಡ."

"ಹೇಳಿದ್ರ ಅಜ್ಜಿ ಮುರದ ಹೋಗ್ತಾರ್ರಿ."

"ನಿನಗ ಆಕಿ ಗೊತ್ತಿಲ್ಲ" ಎಂದರು ಅವ್ವಾರು. ಪ್ರಾರ್ಥನೆಗೆ ಹೊರಟುಹೋದರು.

ಪ್ರಾರ್ಥನೆ ಮುಗಿದ ಮೇಲೆ ಫಕ್ಕೀರಜ್ಜಿ ಎಂದಿನಂತೆ ಬಿಸಿಲು ಬೀಳುವ ಕಿಟಕಿಯ ಬಳಿ ಬಂದು ಕುಳಿತಳು. ಮಹಾನಂದಾ ಅವಳ ಎದುರಿಗೆ ಮೊಣಕಾಲೂರಿದಳು. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಒಂದೂ ಬರಲಿಲ್ಲ.

"ಅಜ್ಜಿ, ಆ ಬೀಜ, ಕವಡಿ ಎಲ್ಲಾ ನಾ ತಿಪ್ಪಿಗೆ ಒಗದೆ."

ಅಜ್ಜಿಯ ಸೂಜಿ ನಿಂತಿತು.

"ಯಾವ ಬೀಜ?" ಎಂದಳು ಗಡುಸಾಗಿ.

ಮಹಾನಂದಾ ತಲೆ ತಗ್ಗಿಸಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಳು.

ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಬಣ್ಣ ತಪ್ಪಿದ್ದು ಎಲ್ಲಿಂದ?"

ಮಹಾನಂದಾ ಅವಳ ಬೆರಳು ಹಿಡಿದು ಗೋಪುರದ ನಡುವಿಗೆ ತಂದಳು. ಹಸಿರು ಶುರುವಾದ ಸಾಲಿನ ಮೇಲೆ ಇಟ್ಟಳು.

"ಯಾರ್ಯಾರು ನೋಡ್ಯಾರ?"

"ನಾನೊಬ್ಬಾಕಿ ಅಜ್ಜಿ. ಅವ್ವಾರಿಗೆ ಹೇಳೀನಿ."

ಅಜ್ಜಿ ಆ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು.

"ಒಮ್ಮೆ ದೊಡ್ಡ ಜ್ವರ ಬಂದಿತ್ತು" ಎಂದಳು. "ಜ್ವರ ಹೋತು. ಬಣ್ಣಾನೂ ತಗೊಂಡು ಹೋತು. ಬಿಸಲಾಗ ಎಳಿ ಕಾಣತಾವ, ಎಣಸತೀನಿ. ಬಣ್ಣ ಅಂದ್ರ ಎಲ್ಲಾ ಬೂದಿ. ಹುಣಸಿ ಬೀಜ ಕಟ್ಟಿದ್ದು ಕೆಂಪು, ಕವಡಿ ಕಟ್ಟಿದ್ದು ಬಿಳೇದು. ಜಯಶೀಲಾ ಸಣ್ಣಾಕಿ ಇದ್ದಾಗ ಆಕೀ ಕಡೆ ಕೇಳಿ ಕೇಳಿ ಕಟ್ಟಿಕೊಂಡಿದ್ದೆ. ಅಜ್ಜಿ ಆಟ ಆಡಸ್ತಾಳ ಅಂತ ತಿಳದಿತ್ತು ಕೂಸು."

"ಈಗ ಹೆಂಗ ತಗೋತಿದ್ರಿ ಅಜ್ಜಿ?"

"ಮಂದಿ ಬಣ್ಣದ ಹೆಸರು ಹೇಳಿ ತಗೋವಾಗ ಕೇಳಿ, ನಿನ್ನ ತಟ್ಟಿ ಸಾಲು ನೆನಪು ಇಟ್ಟಿದ್ದೆ. ನೀ ಮತ್ತ ಅದನ್ನೂ ತಿರುವಿ ಇಟ್ಟೀ ಅಂತ ಕಾಣತೈತಿ."

ಮಹಾನಂದಾಳ ಕಣ್ಣು ತುಂಬಿತು.

"ಅಳಬ್ಯಾಡ, ಸೀರಿ ಮ್ಯಾಲ ನೀರು ಬೀಳತಾವ" ಎಂದಳು ಅಜ್ಜಿ. "ಕತ್ತರಿ ಕೊಡು."

ಅಜ್ಜಿ ತಾನೇ ಬಿಚ್ಚಿದಳು. ಒಂದೊಂದು ಸಾಲು ಬಿಚ್ಚಿದಾಗಲೂ ಬಟ್ಟೆಯನ್ನು ಉಗುರಿನಿಂದ ಸವರಿ ತೂತು ಮುಚ್ಚಿದಳು. ಬಿಚ್ಚಿದ ಜಾಗದಲ್ಲಿ ಗುರುತೂ ಉಳಿಯಲಿಲ್ಲ. ಮಹಾನಂದಾ ಕೆಂಪು ದಾರ ಪೋಣಿಸಿ ಕೊಡಲು ಹೋದಳು.

"ಇವತ್ತು ಕೊಡತೀ. ನಾಳಿಗೆ? ನಾ ಕೈ ಚಾಚಿ ಕೂಡಾಕಿ ಅಲ್ಲ."

ಆ ಮಾತು ಮಹಾನಂದಾಳ ಎದೆಗೆ ನಾಟಿತು.

ಅವಳು ತಟ್ಟೆಯನ್ನು ತಂದು ಅಜ್ಜಿಯ ಮುಂದೆ ಇಟ್ಟಳು. ಬಿದಿರಿನ ಚಕ್ಕೆಗಳನ್ನೆಲ್ಲ ಹೊರತೆಗೆದು ಒಂದು ಬುಟ್ಟಿಗೆ ಸುರಿದಳು. ಆಮೇಲೆ ಒಂದು ಪಂಜೆಯ ತುಂಡಿನಿಂದ ತನ್ನ ಕಣ್ಣು ಕಟ್ಟಿಕೊಂಡಳು.

"ಏನ್ ಮಾಡಾಕತ್ತೀ?"

"ಕಲಿಯಾಕತ್ತೀನ್ರಿ."

ಅವರಿಬ್ಬರೂ ಅಂಗಳ, ಹಿತ್ತಲು, ಹೊಳೆಯ ದಂಡೆಯನ್ನೆಲ್ಲ ಜಾಲಾಡಿದರು. ಜಾಲಿಯ ತೊಗಟೆ, ಕೊಬ್ಬರಿಯ ಚಿಪ್ಪು, ಒಡೆದ ಸೋರೆ ಬುರುಡೆ, ಮುರಿದ ಎತ್ತಿನ ಕೋಡು, ಹೊಳೆಯಲ್ಲಿ ನುಣುಪಾದ ಕಲ್ಲು, ಎಲ್ಲ ಬಂತು. ಮಹಾನಂದಾ ಕಣ್ಣು ಕಟ್ಟಿಕೊಂಡು ಒಂದೊಂದನ್ನೇ ಮುಟ್ಟುತ್ತಿದ್ದಳು. ತಪ್ಪು ಹೇಳಿದರೆ ಅಜ್ಜಿ ಕಿಲಕಿಲ ನಗುತ್ತಿದ್ದಳು.

"ಕಣ್ಣು ಮುಚ್ಚಿದ್ರ ಮೂಗು ಯಾಕ ಸೊಟ್ಟ ಮಾಡತೀ? ಬೆರಳು ಸಡಲ ಬಿಡು."

ಕಲ್ಲಿಗೆ ಸುತ್ತಿದ ರೇಷ್ಮೆ ಜಾರಿತು. ಕಲ್ಲು ಬೇಡವಾಯಿತು. ಜಾಲಿಯ ತೊಗಟೆ ದಾರವನ್ನು ಕಚ್ಚಿ ಎಳೆ ಕಿತ್ತಿತು. ಸುತ್ತುವ ಜಾಗವನ್ನಷ್ಟೇ ಉಜ್ಜಿ ನುಣುಪು ಮಾಡಿ, ತುದಿಯನ್ನು ಒರಟಾಗಿಯೇ ಬಿಟ್ಟರು. ಆಗ ಸರಿಹೋಯಿತು.

ಹೀಗೆ ಒರಟು ಜಾಲಿ ಕೆಂಪಿಗಾಯಿತು. ತಣ್ಣನೆಯ ಕೋಡು ಬಿಳಿಗೆ. ದುಂಡಗೆ ಬಾಗಿದ ಕೊಬ್ಬರಿ ಚಿಪ್ಪು ಹಳದಿಗೆ. ಹಗುರಾದ ಸೋರೆ ಬುರುಡೆ ಕಿತ್ತಳೆಗೆ. ಬಿದಿರು ಹಸಿರಿಗೇ ಉಳಿಯಿತು. ನೀಲಿಗೂ ನೇರಳೆಗೂ ಕಪ್ಪಿಗೂ ಬೇರೆ ಬೇರೆ ಮರ ಹುಡುಕಿದರು. ಒಂದೇ ಬಣ್ಣದಲ್ಲಿ ತಿಳಿ ಎಂದರೆ ತುದಿಗೆ ಚಾಕುವಿನಿಂದ ಒಂದು ಕಚ್ಚು, ಬಣ್ಣ ಕಡುವಾದಷ್ಟೂ ಕಚ್ಚು ಹೆಚ್ಚು.

ಮಹಾನಂದಾ ಕಣ್ಣುಕಟ್ಟು ಬಿಚ್ಚದೆಯೇ ಒಂದು ದಿನ ತಟ್ಟೆಯನ್ನೆಲ್ಲ ಜೋಡಿಸಿದಳು. ಅಜ್ಜಿ ಕೇಳಿದ ಬಣ್ಣ, ಕೇಳಿದ ತಿಳಿ, ಕೇಳಿದ ಕಡು ತಡವಿಲ್ಲದೆ ತೆಗೆದು ಕೊಟ್ಟಳು. ಕಣ್ಣುಕಟ್ಟು ಬಿಚ್ಚಿ ನೋಡಿದರೆ ತಟ್ಟೆ ಮೊದಲಿನಂತಿರಲಿಲ್ಲ. ಉದ್ದ, ಗಿಡ್ಡ, ಸೊಟ್ಟ, ದುಂಡು. ಸಂತೆಗೆ ಬಂದ ಮಂದಿಯಂತೆ ಒಂದರ ಹಾಗೆ ಒಂದಿರಲಿಲ್ಲ.

ಅವಳು ಅದನ್ನು ನೋಡುತ್ತ ಬಹಳ ಹೊತ್ತು ಕುಳಿತಳು. ನೆಟ್ಟಗೆ ಮಾಡಬೇಕೆಂದು ಕೈ ಎತ್ತಲಿಲ್ಲ.

ಫಕ್ಕೀರಜ್ಜಿ ತಟ್ಟೆಯೊಳಗೆ ಕೈ ಇಟ್ಟಳು. ಜಾಲಿಯ ತುದಿ ಸಿಕ್ಕಿತು. ಕಚ್ಚು ತಡವಿ ನೋಡಿ, ದಾರ ಬಿಚ್ಚಿ, ಅರ್ಧಕ್ಕೆ ನಿಂತಿದ್ದ ಗೋಪುರಕ್ಕೆ ಸೂಜಿ ಹಚ್ಚಿದಳು. ಅವಳ ಬೆನ್ನು ಮತ್ತೆ ಕಂಬದಂತೆ ನಿಂತಿತು.

ಮದುವೆಗೆ ಮುಂಚೆ ಗಂಡಿನ ಕಡೆಯವರು ಆಶ್ರಮಕ್ಕೆ ಬಂದರು. ಗಂಡಿನ ತಾಯಿ ಸಾವಂತ್ರೆವ್ವ ಕಸೂತಿ ಬಲ್ಲವಳು. ಬಾಯಿ ಬಿಗಿ, ಕಣ್ಣು ಚುರುಕು. ಚಂದ್ರಕಾಳಿಯನ್ನು ಅವಳ ಮುಂದೆ ಹಾಸಿದಾಗ ಅವಳು ಮುಂಬದಿ ನೋಡಲೇ ಇಲ್ಲ. ಸೀದಾ ತಿರುವಿ ಹಿಂಬದಿ ನೋಡಿದಳು.

ಪಡಸಾಲೆಯ ಹೆಂಗಸರೆಲ್ಲ ಹತ್ತಿರ ಸರಿದರು.

ಸಾವಂತ್ರೆವ್ವ ಗೋಪುರದ ಮೇಲೆ, ಆನೆಯ ಮೇಲೆ, ತುಳಸಿಕಟ್ಟೆಯ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ಗಂಟು ಸಿಗಲಿಲ್ಲ. ಆಮೇಲೆ ಸೀರೆಯನ್ನು ಮುಂಬದಿಗೆ ತಿರುವಿದಳು. ಕೆಂಪು ಗೋಪುರ ಕಪ್ಪು ಬಟ್ಟೆಯ ಮೇಲೆ ಬೆಂಕಿಯಂತೆ ಎದ್ದು ನಿಂತಿತ್ತು.

"ಯಾರ ಕೈ ಇದು?" ಎಂದಳು.

"ನಂದು" ಎಂದಳು ಫಕ್ಕೀರಜ್ಜಿ.

ಸಾವಂತ್ರೆವ್ವ ಎದ್ದು ಬಂದು ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಹಾಗೆ ಬಗ್ಗಿದಾಗ ಅಜ್ಜಿಯ ಪಕ್ಕದ ತಟ್ಟೆ ಅವಳ ಕಣ್ಣಿಗೆ ಬಿತ್ತು.

"ಇದೇನ್ ಬೇ, ಇಷ್ಟು ಚಂದದ ದಾರ ಕಟ್ಟಿಗಿ, ಚಿಪ್ಪು ಎಲ್ಲಾದಕ್ಕೂ ಸುತ್ತೀರಿ?"

ಅಜ್ಜಿಯ ಗುಟ್ಟು ಕಾಯಬೇಕೆಂದು ಮಹಾನಂದಾ ಏನೋ ಒಂದು ನೆಪ ಹುಡುಕುತ್ತಿದ್ದಳು. ಅಷ್ಟರಲ್ಲಿ ಫಕ್ಕೀರಜ್ಜಿ ಕತ್ತೆತ್ತಿದಳು.

"ನನಗ ಬಣ್ಣ ಕಾಣಂಗಿಲ್ಲರಿ. ಅದಕ್ಕ."

ಪಡಸಾಲೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಂತ್ರೆವ್ವ ಒಮ್ಮೆ ಸೀರೆಯನ್ನು ನೋಡಿದಳು, ಒಮ್ಮೆ ಅಜ್ಜಿಯನ್ನು ನೋಡಿದಳು. ಜಯಶೀಲಾ ಬಾಯಿಗೆ ಸೆರಗು ಒತ್ತಿಕೊಂಡು ಓಡಿಬಂದು ಅಜ್ಜಿಯ ತೊಡೆಯ ಮೇಲೆ ಮುಖವಿಟ್ಟಳು.

"ಅಳಬ್ಯಾಡ" ಎಂದಳು ಅಜ್ಜಿ. "ಉಟ್ಟುಕೊಂಡು ಹೋಗು. ಯಾರರ ಕೇಳಿದ್ರ ಹೇಳು, ಬಣ್ಣ ಕಾಣದಾಕಿ ಹಾಕ್ಯಾಳ ಅಂತ."

ಸಾವಂತ್ರೆವ್ವ ತಟ್ಟೆಯ ಮುಂದೆ ಕುಳಿತುಬಿಟ್ಟಳು. ಕಣ್ಣು ಮುಚ್ಚಿ ಜಾಲಿಯ ತುದಿ ಮುಟ್ಟಿದಳು. ಕೋಡು ಮುಟ್ಟಿದಳು. ಕಚ್ಚು ತಡವಿದಳು. ಕಣ್ಣು ತೆರೆದಾಗ ಅವಳ ಬಿಗಿ ಬಾಯಿ ಸಡಿಲವಾಗಿತ್ತು.

"ನಮ್ಮ ಅತ್ತಿಗೂ ಕಣ್ಣು ಮಂಜ ಆಗ್ಯಾವ. ಸೂಜಿ ಬಿಟ್ಟು ಭಾಳ ದಿನಾ ಆತು. ಇಂಥಾದ್ದು ಒಂದು ಇದ್ದಿದ್ರ..." ಎಂದು ನಿಲ್ಲಿಸಿದಳು. "ಇದನ್ನ ಮಾಡಿದವರು ಯಾರು?"

ಎಲ್ಲರ ಕಣ್ಣೂ ಮಹಾನಂದಾಳ ಕಡೆ ತಿರುಗಿತು.

ಹಿಂದೆಂದೂ ಅವಳು ತನ್ನ ಕೆಲಸದ ಮೇಲೆ ಇಷ್ಟು ಅಭಿಮಾನಪಟ್ಟಿರಲಿಲ್ಲ. ಆದರೆ ತಿಪ್ಪೆಯಲ್ಲಿ ಕೈಯಿಟ್ಟು ಅಗೆದ ನೆನಪು ಇನ್ನೂ ಹಸಿಯಾಗಿತ್ತು. ಇಂಥ ಹೊತ್ತಿನಲ್ಲಿ ಶಿಷ್ಯೆಯಾದವಳು ಹೇಗೆ ಮಾತಾಡಬೇಕೆಂದು ತನಗೆ ಗೊತ್ತು ಎಂದುಕೊಂಡಳು. ಸೆರಗು ಹೊದ್ದು, ತಲೆ ತಗ್ಗಿಸಿ, ಕೈ ಮುಗಿದಳು.

"ನಂದೇನಿಲ್ಲರಿ. ಎಲ್ಲಾ ಅವ್ವಾರ ಆಶೀರ್ವಾದ."

ತಂಗೆವ್ವ ತಾಯಿ ಇಷ್ಟು ಹೊತ್ತೂ ಕಂಬಕ್ಕೆ ಒರಗಿ ಸುಮ್ಮನೆ ಕುಳಿತಿದ್ದರು. ಈಗ ಎದ್ದು ಬಂದರು. ಮಹಾನಂದಾಳ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದರು.

"ನನ್ನ ಆಶೀರ್ವಾದಕ್ಕ ದಾರ ಸುತ್ತಾಕ ಬರಂಗಿಲ್ಲವಾ. ಸುತ್ತಿದವರು ಯಾರು, ಅದನ್ನ ಹೇಳು."